ಎಣ್ಣೆ ಚೆಲ್ಲಿದಾಗ ಯಾವ ಆಫೀಸಿಗೆ ಹೇಳಬೇಕು? ಅದು ಎಲ್ಲಿಗೆ ಹರಿಯುತ್ತಿದೆ ಅಂತ ಮೊದಲು ನೋಡಿ

ಎರಡು ಮಳೆಗಾಲದ ಹಿಂದಿನ ಮಾತು. ಬೆಳಿಗ್ಗೆ ಹಾಲು ತರಲು ಹೊರಟವನು ನಮ್ಮ ಬಡಾವಣೆ ಹಿಂದಿನ ಮೋರಿ ಹತ್ತಿರ ನಿಂತುಬಿಟ್ಟೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ, ಅದರ ಕೆಳಗೆ ಕಪ್ಪಗೆ ಏನೋ ಮಂದವಾಗಿ ಹೋಗುತ್ತಿತ್ತು. ಮೂಗಿಗೆ ಹಳೇ ಗ್ಯಾರೇಜಿನ ವಾಸನೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಇರುವವರಿಗೆ ಮೋರಿ ನೀರು ಬಣ್ಣ ಬದಲಾಯಿಸುವುದು ಹೊಸದೇನಲ್ಲ, ಆದರೆ ಇದು ಯಾಕೋ ಜಾಸ್ತಿಯೇ ಇತ್ತು. ಫೋನ್ ಮಾಡಲು ಶುರು ಮಾಡಿದೆ. ಒಬ್ಬರು ಬಂದು ನೋಡಿ, ಬೆಂಕಿ ಏನೂ ಇಲ್ವಲ್ಲ ಸಾರ್ ಅಂದರು. ಇನ್ನೊಬ್ಬರು, ಇದು ಮೋರಿ, ನಮ್ಮದು ಪೈಪ್ ಮಾತ್ರ ಅಂದರು. ಮತ್ತೊಬ್ಬರು ಕೆರೆಗೆ ಸೇರಿದ ಮೇಲೆ ಹೇಳಿ ಅಂದರು. ತಮಾಷೆಗೆ ಹೇಳುತ್ತಿಲ್ಲ, ಹಾಗೇ ಅಂದರು. ಆರು ಫೋನ್, ಆರು ಕಚೇರಿ. ಸಂಜೆ ಹೊತ್ತಿಗೆ ಎಣ್ಣೆ ಕೆರೆ ಸೇರಿ ಆಗಿತ್ತು.

ಆವತ್ತು ಸಿಕ್ಕಾಪಟ್ಟೆ ಸಿಟ್ಟು ಬಂದಿತ್ತು. ಆಮೇಲೆ ನಿಯಮಗಳನ್ನು ಓದುತ್ತಾ, ಕಾರ್ಖಾನೆ ಸುರಕ್ಷತೆಯಲ್ಲಿ ಕೆಲಸ ಮಾಡಿ ರಿಟೈರ್ ಆದ ನೆರೆಯವರೊಬ್ಬರ ಜೊತೆ ಕಾಫಿ ಕುಡಿಯುತ್ತಾ ಗೊತ್ತಾಯಿತು, ಆ ಆರು ಜನರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡು ಜಾಗ ಇದೆ. ರಸ್ತೆ ಒಬ್ಬರದು, ರಸ್ತೆ ಪಕ್ಕದ ಚರಂಡಿ ಇನ್ನೊಬ್ಬರದು, ಅದರ ಕೆಳಗಿನ ಒಳಚರಂಡಿ ಮತ್ತೊಬ್ಬರದು, ಕೆರೆಗೆ ಬೇರೆಯೇ ಯಜಮಾನರು. ಎಣ್ಣೆ ಹರಿದ ಹಾಗೆಲ್ಲ ಜವಾಬ್ದಾರಿಯೂ ಕೈ ಬದಲಾಯಿಸುತ್ತದೆ. ನಾವು ಮಾಡುವ ತಪ್ಪು ಏನೆಂದರೆ, ಎಣ್ಣೆ ಎಲ್ಲಿ ಚೆಲ್ಲಿತು ಅಂತ ಮಾತ್ರ ಹೇಳುತ್ತೇವೆ. ಮುಂದಿನ ಒಂದು ಗಂಟೆಯಲ್ಲಿ ಅದು ಎಲ್ಲಿರುತ್ತದೆ ಅಂತ ಹೇಳುವುದಿಲ್ಲ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ಯಾಂಕರ್ ಮಗುಚಲಿ, ಫ್ಯಾಕ್ಟರಿಯಿಂದ ಆಸಿಡ್ ಸೋರಲಿ, ಬೆಂಗಳೂರಿನಲ್ಲಿ ಯಾರು ಯಾವಾಗ ಬರುತ್ತಾರೆ, ನಾವು ಏನು ಮಾಡಿದರೆ ಅವರ ಕೆಲಸ ಬೇಗ ಆಗುತ್ತದೆ ಅಂತ.

ಮೊದಲು ದೂರ ಹೋಗಿ, ಆಮೇಲೆ ಫೋನ್

ರಸ್ತೆಯಲ್ಲಿ ಟ್ಯಾಂಕರ್ ಬಿದ್ದಿದೆ, ಏನೋ ಸೋರುತ್ತಿದೆ. ಬೈಕ್ ನಿಲ್ಲಿಸಿ ವಿಡಿಯೊ ಮಾಡುವುದು ನಮ್ಮ ಊರಿನ ರೂಢಿ. ಬೇಡ. ಪೆಟ್ರೋಲ್ ಥರದ್ದು ಚೆಲ್ಲಿದ್ದರೆ ಕಡಿಮೆ ಅಂದರೂ 50 ಮೀಟರ್ ದೂರ, ಜಾಸ್ತಿ ಚೆಲ್ಲಿದ್ದರೆ ಗಾಳಿ ಬೀಸುವ ದಿಕ್ಕಿನಲ್ಲಿ ಇರುವವರು 300 ಮೀಟರ್, ಟ್ಯಾಂಕರಿಗೇ ಬೆಂಕಿ ಹತ್ತಿದ್ದರೆ 800 ಮೀಟರ್. ಪ್ರಪಂಚದ ಬೇರೆ ಬೇರೆ ಕಡೆ ಅಗ್ನಿಶಾಮಕದವರು ಬಳಸುವ ಕೈಪಿಡಿಯ ಲೆಕ್ಕ ಇದು. 800 ಮೀಟರ್ ಅಂದರೆ ಸುಮಾರು ಎರಡು ಬಸ್ ಸ್ಟಾಪ್ ದೂರ. ನಾವು ಸಾಮಾನ್ಯವಾಗಿ ನಿಂತು ನೋಡುವ ಜಾಗ ಅದಲ್ಲ, ಅಲ್ವಾ?

ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿ, ಅದು ಬರುವ ಕಡೆಗೆ ಅಥವಾ ಅಡ್ಡಕ್ಕೆ ನಡೆಯಿರಿ. ಬೆಂಗಳೂರಿನಲ್ಲಿ ಇದಕ್ಕೆ ಒಂದು ಅನುಕೂಲ ಇದೆ, ಹೆಚ್ಚುಕಡಿಮೆ ಪ್ರತಿ ಸರ್ಕಲ್ಲಿನಲ್ಲೂ ಆಟೊ ಸ್ಟ್ಯಾಂಡಿನಲ್ಲೂ ಒಂದು ಕನ್ನಡ ಬಾವುಟ ಇರುತ್ತದೆ. ಅದು ಹಾರುವ ದಿಕ್ಕಿಗೆ ನೀವು ಹೋಗಬಾರದು. ಇಳಿಜಾರಿನ ಕಡೆಗೂ ಹೋಗಬಾರದು. ಪೆಟ್ರೋಲ್ ಆವಿ, ಅಡುಗೆ ಗ್ಯಾಸ್, ಕ್ಲೋರಿನ್ ಎಲ್ಲವೂ ಗಾಳಿಗಿಂತ ಭಾರ. ತಗ್ಗಿನಲ್ಲಿ, ಅಂಡರ್‌ಪಾಸಿನಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಹೋಗಿ ಕೂರುತ್ತವೆ. ಐಸ್‌ಕ್ರೀಮ್ ಫ್ಯಾಕ್ಟರಿ, ಡೇರಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಬಳಸುವ ಅಮೋನಿಯಾ ಹಗುರ ಅಂತ ಶಾಲೆಯಲ್ಲಿ ಓದಿದ್ದೇವೆ, ನಿಜ. ಆದರೆ ಒತ್ತಡದಲ್ಲಿದ್ದದ್ದು ಒಮ್ಮೆಲೇ ಹೊರಗೆ ಬಂದಾಗ ತಣ್ಣಗೆ ಮಂಜಿನ ಥರ ನೆಲದ ಮೇಲೇ ಹರಡುತ್ತದೆ, ಹಾಗಾಗಿ ಅದನ್ನೂ ನಂಬಬೇಡಿ.

ಇನ್ನೊಂದು. ಚೆಲ್ಲಿದ ಪೆಟ್ರೋಲನ್ನು ಕ್ಯಾನಿಗೆ ತುಂಬಿಸಿಕೊಳ್ಳಲು ಜನ ಓಡುತ್ತಾರೆ. 2017ರ ಜೂನ್ 25ರಂದು ಪಾಕಿಸ್ತಾನದ ಅಹ್ಮದ್‌ಪುರ್ ಶರ್ಕಿಯಾದಲ್ಲಿ ಹೀಗೇ ತುಂಬಿಸಿಕೊಳ್ಳುತ್ತಿದ್ದಾಗ ಬೆಂಕಿ ಹತ್ತಿ 200ಕ್ಕೂ ಹೆಚ್ಚು ಜನ ಸತ್ತರು. 2024ರ ಡಿಸೆಂಬರ್ 20ರಂದು ಜೈಪುರ–ಅಜ್ಮೀರ್ ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರಿಗೆ ಲಾರಿ ಡಿಕ್ಕಿ ಹೊಡೆದಾಗ ಗ್ಯಾಸ್ ಮೊದಲು ರಸ್ತೆ ತುಂಬ ಹರಡಿತು, ಆಮೇಲೆ ಹೊತ್ತಿಕೊಂಡಿತು. ಹತ್ತಾರು ವಾಹನ ಸುಟ್ಟುಹೋದವು. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಮುಂದೆ ಬಿಳೀ ಮೋಡದ ಥರ ಕಂಡರೆ ಇಂಜಿನ್ ಆಫ್ ಮಾಡಿ, ಇಳಿದು, ಹಿಂದಕ್ಕೆ ನಡೆದುಬಿಡಿ. ಗಾಡಿ ಅಲ್ಲೇ ಇರಲಿ.

112ಕ್ಕೆ ಏನು ಹೇಳಬೇಕು

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಈಗ 112 ಸಾಕು. ಹಳೇ 101, 108 ಬಾಯಿಗೆ ಬಂದರೆ ಅದನ್ನೇ ಒತ್ತಿ, ಯೋಚನೆ ಮಾಡುತ್ತಾ ನಿಲ್ಲಬೇಡಿ. ಮನೆಯಲ್ಲಿ ಸಿಲಿಂಡರ್ ಸೋರಿಕೆ ಆದರೆ 1906 ಅಂತ ಬೇರೆ ನಂಬರ್ ಇದೆ, ಗ್ಯಾಸ್ ಕಂಪನಿಗಳದ್ದು.

ಆದರೆ ಫೋನಿನಲ್ಲಿ ‘ಟ್ಯಾಂಕರ್ ಬಿದ್ದಿದೆ ಬೇಗ ಬನ್ನಿ’ ಅಂದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ಹಾಲಿನ ಟ್ಯಾಂಕರೋ ಆಸಿಡ್ ಟ್ಯಾಂಕರೋ? ಡೀಸೆಲ್‌ಗೆ ನೊರೆ ಬೇಕು, ಅಂದರೆ ಫೋಮ್ ಇರುವ ಗಾಡಿ ಬರಬೇಕು. ಗಂಧಕಾಮ್ಲಕ್ಕೆ ಬೇರೆ ಉಪಾಯ. ಅವರು ಒಂದು ಸಲ ಬಂದು ನೋಡಿ, ಮತ್ತೆ ಸರಿಯಾದ ಗಾಡಿಗೆ ಹೇಳಿ ಕಳಿಸುವಷ್ಟರಲ್ಲಿ ನಮ್ಮ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ.

ಇದಕ್ಕೆ ಉತ್ತರ ಟ್ಯಾಂಕರಿನ ಮೈ ಮೇಲೇ ಬರೆದಿರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಅಪಾಯದ ವಸ್ತು ಸಾಗಿಸುವ ಪ್ರತಿ ವಾಹನದ ಎರಡೂ ಪಕ್ಕದಲ್ಲಿ ಮತ್ತು ಹಿಂದೆ ಒಂದು ತುರ್ತು ಮಾಹಿತಿ ಫಲಕ ಇರಲೇಬೇಕು. ಅದರಲ್ಲಿ ಮಾಲಿನ ಹೆಸರು, ನಾಲ್ಕು ಅಂಕಿಯ ಯುಎನ್ ನಂಬರ್, ಚೌಕಾಕಾರದ ಬಣ್ಣದ ಚಿಹ್ನೆ, ತುರ್ತು ಫೋನ್ ನಂಬರ್ ಇರುತ್ತವೆ. ಆ ನಾಲ್ಕು ಅಂಕಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. 1203 ಅಂದರೆ ಪೆಟ್ರೋಲ್, 1202 ಡೀಸೆಲ್, 1223 ಸೀಮೆಎಣ್ಣೆ, 1075 ಅಡುಗೆ ಗ್ಯಾಸ್, 1005 ಅಮೋನಿಯಾ, 1017 ಕ್ಲೋರಿನ್, 1830 ಗಂಧಕಾಮ್ಲ, 1789 ಹೈಡ್ರೋಕ್ಲೋರಿಕ್ ಆಸಿಡ್. ತುಮಕೂರು ರೋಡಿನಲ್ಲೋ ಹೊಸೂರು ರೋಡಿನಲ್ಲೋ ಸಿಗ್ನಲ್ಲಿಗೆ ನಿಂತಾಗ ಮುಂದಿನ ಟ್ಯಾಂಕರಿನ ನಂಬರ್ ಓದುವ ಆಟ ನಮ್ಮ ಮನೆಯ ಮಕ್ಕಳಿಗೆ ಈಗ ಅಭ್ಯಾಸ ಆಗಿದೆ. ನನ್ನ ಹೆಂಡತಿಗೆ ಇದು ತಲೆನೋವು.

ಪಕ್ಕದಲ್ಲಿ ‘3 ವೈ ಇ’ ಅನ್ನುವ ಥರ ಇನ್ನೊಂದು ಸಂಕೇತ ಇರುತ್ತದೆ, ಅದು ಅಗ್ನಿಶಾಮಕದವರಿಗೆ. ಮೊದಲ ಅಂಕಿ ಏನು ಬಳಸಬೇಕು ಅಂತ ಹೇಳುತ್ತದೆ. 1 ಮತ್ತು 2 ಆದರೆ ನೀರು, 3 ಆದರೆ ನೊರೆ, 4 ಆದರೆ ನೀರು ತಾಗಿಸಲೇಬಾರದು, ಒಣ ಪುಡಿ ಬೇಕು. ಕೊನೆಯಲ್ಲಿ ಇಂಗ್ಲಿಷಿನ ಇ ಅಕ್ಷರ ಇದ್ದರೆ ಜನರನ್ನು ಖಾಲಿ ಮಾಡಿಸುವ ಬಗ್ಗೆ ಯೋಚಿಸಬೇಕು ಅಂತ ಅರ್ಥ. ನಿಮಗೆ ಅರ್ಥ ಆಗಬೇಕು ಅಂತೇನಿಲ್ಲ. ದೂರದಿಂದ ಫೋನಿನ ಕ್ಯಾಮೆರಾ ಜೂಮ್ ಮಾಡಿ ಓದಿ ಹೇಳಿದರೆ ಸಾಕು. ಆ ಫಲಕ ಓದಲು ಹತ್ತಿರ ಮಾತ್ರ ಹೋಗಬೇಡಿ.

ಡ್ರೈವರ್ ಹುಷಾರಾಗಿದ್ದರೆ ಅವನ ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಅಂತ ಒಂದು ಹಾಳೆ ಇರುತ್ತದೆ, ಮಾಲು ಏನು, ಚೆಲ್ಲಿದರೆ ಏನು ಮಾಡಬೇಕು ಅಂತ. ಇಂಥ ಗಾಡಿ ಓಡಿಸಲು ಅವನಿಗೆ ಪ್ರತ್ಯೇಕ ತರಬೇತಿ ಆಗಿರಬೇಕು, ಅಪಘಾತ ಆದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದೂ ಅವನ ಕರ್ತವ್ಯ. ಹಾಗಾಗಿ ದಯವಿಟ್ಟು ಡ್ರೈವರನ್ನು ಹೊಡೆದು ಓಡಿಸಬೇಡಿ. ಆ ಜಾಗದಲ್ಲಿ ಒಳಗೆ ಏನಿದೆ ಅಂತ ಗೊತ್ತಿರುವವನು ಅವನೊಬ್ಬನೇ.

ಅಂದರೆ ಫೋನಿನಲ್ಲಿ ಹೇಳಬೇಕಾದ್ದು ಹೀಗೆ: “ತುಮಕೂರು ರೋಡ್, ಇಂಥ ಮೆಟ್ರೋ ಪಿಲ್ಲರ್ ನಂಬರ್ ಹತ್ತಿರ, ನೆಲಮಂಗಲ ಕಡೆ ಹೋಗುವ ಸೈಡು. ಟ್ಯಾಂಕರ್ ಮಗುಚಿದೆ. ನಂಬರ್ 1202. ಬೆಂಕಿ ಇಲ್ಲ, ಸೋರುತ್ತಿದೆ. ಸೋರಿದ್ದು ಎಡಗಡೆ ಚರಂಡಿಗೆ ಇಳಿಯುತ್ತಿದೆ. ಒಬ್ಬರಿಗೆ ಗಾಯ ಆಗಿದೆ.” ಕೊನೆಯಿಂದ ಎರಡನೇ ಮಾತನ್ನು ಬಿಡಬೇಡಿ, ನಾನು ಆವತ್ತು ಬಿಟ್ಟಿದ್ದು ಅದನ್ನೇ.

ಬಂದವರಲ್ಲಿ ಯಜಮಾನ ಯಾರು

ಮೊದಲು ಬರುವುದು ಸಾಮಾನ್ಯವಾಗಿ ಹೊಯ್ಸಳ, ಅಂದರೆ ಪೊಲೀಸರ ಗಸ್ತು ಗಾಡಿ. ಪೊಲೀಸರ ಕೆಲಸ ರಸ್ತೆ ಮುಚ್ಚುವುದು, ಜನರನ್ನು ಹಿಂದೆ ಕಳಿಸುವುದು. ಆಮೇಲೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಸ್ಥಳದಲ್ಲಿ ಸೋರಿಕೆ ನಿಲ್ಲಿಸುವುದು, ತಣ್ಣಗೆ ಮಾಡುವುದು, ಒಳಗಿದ್ದವರನ್ನು ಎಳೆದು ತರುವುದು ಅವರದು. ಆ ಹೊತ್ತಿನಲ್ಲಿ ಅವರ ಅಧಿಕಾರಿ ಹೇಳಿದ್ದೇ ಮಾತು. ಟ್ಯಾಂಕರಿನಲ್ಲಿ ಉಳಿದಿರುವುದನ್ನು ಬೇರೆ ಟ್ಯಾಂಕರಿಗೆ ತುಂಬಿಸಲು ತೈಲ ಕಂಪನಿಯ ತಂಡ ಬರಬೇಕು. ಪೆಟ್ರೋಲ್, ಗ್ಯಾಸ್, ಸ್ಫೋಟಕಗಳ ಲೈಸೆನ್ಸು ಮತ್ತು ತನಿಖೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಅನ್ನುವ ಕೇಂದ್ರ ಸಂಸ್ಥೆಯದು.

ಸಣ್ಣ ಅಪಘಾತ ಇಷ್ಟಕ್ಕೇ ಮುಗಿಯುತ್ತದೆ. ದೊಡ್ಡದಾದರೆ ಎಲ್ಲರ ಮೇಲೆ ಒಬ್ಬರು ಬೇಕು. ಅವರು ಜಿಲ್ಲಾಧಿಕಾರಿ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಬೆಂಗಳೂರಿನಲ್ಲಿ ಡಿಸಿ ಅಂದರೆ ಪೊಲೀಸ್ ಡಿಸಿಪಿ ಅಂತಲೋ ಪಹಣಿ, ಖಾತೆ ಜಗಳ ಅಂತಲೋ ಅಂದುಕೊಳ್ಳುತ್ತೇವೆ. ಭೋಪಾಲ್ ದುರಂತ ಆಗಿದ್ದು 1984ರಲ್ಲಿ. ಅದಾದ ಮೇಲೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ, 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮ, 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದವು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಜಿಲ್ಲೆಯ ಮಟ್ಟದಲ್ಲಿ ಲಗಾಮು ಬರುವುದು ಡಿಸಿ ಕೈಗೇ. ಯಾವ ಇಲಾಖೆಗಾದರೂ ಇದು ನಿಮ್ಮ ಕೆಲಸ, ಈಗಲೇ ಮಾಡಿ ಅಂತ ಆದೇಶ ಕೊಡುವ ಅಧಿಕಾರ ಅವರಿಗಿದೆ. ರಾಸಾಯನಿಕ ಅನಾಹುತಕ್ಕೆ ತರಬೇತಿ ಇರುವ ಎನ್‌ಡಿಆರ್‌ಎಫ್, ಅಂದರೆ ಕೇಂದ್ರದ ವಿಪತ್ತು ಪಡೆ, ಬೇಕಾದರೂ ನೀವು ನೇರ ಕರೆಯಲು ಆಗುವುದಿಲ್ಲ, ಆಡಳಿತದ ಮೂಲಕವೇ ಹೋಗಬೇಕು.

ಫ್ಯಾಕ್ಟರಿ ಆದರೆ ಗೇಟು ಮುಖ್ಯ. ಗೇಟಿನ ಒಳಗೆ ಸೋರಿದರೆ ಮಾಲೀಕನ ಜವಾಬ್ದಾರಿ. ಅಪಾಯದ ರಾಸಾಯನಿಕ ನಿಗದಿಗಿಂತ ಜಾಸ್ತಿ ಇಟ್ಟುಕೊಂಡವರು ಒಳಗಿನ ತುರ್ತು ಯೋಜನೆ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಮಾಡಬೇಕು. ಗೇಟು ದಾಟಿ ಹೊರಗೆ ಬಂತು ಅಂದರೆ ಹೊರಗಿನ ಯೋಜನೆ ಜಾರಿಗೆ ಬರುತ್ತದೆ. ಅದನ್ನು ಬರೆದಿಡಬೇಕಾದ್ದು ಜಿಲ್ಲಾಡಳಿತ, ವರ್ಷಕ್ಕೊಂದು ಸಲವಾದರೂ ಅದರ ಅಭ್ಯಾಸ ಆಗಬೇಕು. ದೊಡ್ಡ ಅಪಘಾತ ಆದರೆ ಮಾಲೀಕ 48 ಗಂಟೆಯೊಳಗೆ ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲೆಲ್ಲ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಹೆಸರು ಬರುತ್ತದೆ. ನಮ್ಮಂಥವರು ಅದನ್ನು ಮರೆತೇ ಬಿಡುತ್ತೇವೆ, ಯಾಕೆಂದರೆ ಅದಕ್ಕೆ ಸೈರನ್ ಇರುವ ಗಾಡಿ ಇಲ್ಲ.

ಒಂದು ಎಚ್ಚರಿಕೆ. ಜಾಗ ಯಾವ ಜಿಲ್ಲೆ ಅಂತ ನೋಡಿಕೊಳ್ಳಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿ ಬೆಂಗಳೂರು ನಗರ ಜಿಲ್ಲೆ. ಮಂಗಳೂರಿನಿಂದ ಹಾಸನದ ಮೇಲೆ 360ಕ್ಕೂ ಹೆಚ್ಚು ಕಿಲೋಮೀಟರ್ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್ ಬಂದು ಮುಟ್ಟುವ ದೇವನಗೊಂದಿ ಇರುವುದು ಹೊಸಕೋಟೆ ತಾಲ್ಲೂಕಿನಲ್ಲಿ, ಅದು ನಗರ ಜಿಲ್ಲೆ ಅಲ್ಲ. ನೆಲಮಂಗಲ ದಾಟಿದರೂ ಹಾಗೇ. ಅಲ್ಲಿನ ಡಿಸಿ ಬೇರೆ. ಟೋಲ್‌ಗೇಟಿನ ಈಚೆಗೆ ಬಿದ್ದ ಟ್ಯಾಂಕರಿನ ಡೀಸೆಲ್ ಆಚೆಗೆ ಹರಿದು ಹೋದರೆ ಇಬ್ಬರಿಗೂ ಹೇಳಬೇಕು.

ಈಗ ಎಣ್ಣೆಯ ಹಿಂದೆ ಹೋಗೋಣ

ರಸ್ತೆ ಮೇಲಿದ್ದಾಗ ಮಣ್ಣು, ಮರಳು, ಮರದ ಹೊಟ್ಟು ಸುರಿದು ಹೀರಿಸಬಹುದು. ಅಗ್ನಿಶಾಮಕದವರು ಬಂದು ಸುರಕ್ಷಿತ ಅಂತ ಹೇಳಿದ ಮೇಲೆ ಅಕ್ಕಪಕ್ಕದವರು ಕೈಜೋಡಿಸಬಹುದಾದ ಕೆಲಸ ಇದೊಂದೇ. ಪೈಪ್ ಹಿಡಿದು ನೀರು ಹೊಡೆದು ತೊಳೆಯುವುದು ಮಾತ್ರ ಬೇಡವೇ ಬೇಡ. ಡೀಸೆಲ್ ನೀರಿನ ಮೇಲೆ ತೇಲುತ್ತದೆ. ನೀವು ತೊಳೆದಿರಿ ಅಂದುಕೊಂಡಿದ್ದು ಚರಂಡಿಗೆ ಕಳಿಸಿದ್ದು ಅಷ್ಟೇ. ಗಟ್ಟಿ ಗಂಧಕಾಮ್ಲಕ್ಕೆ ನೀರು ಸುರಿದರೆ ಕುದಿದು ಎರಚುತ್ತದೆ. ಆಸಿಡ್ ಮೈಗೆ ಬಿದ್ದರೆ ಮಾತ್ರ ಬಟ್ಟೆ ತೆಗೆದು ಧಾರಾಳವಾಗಿ ನೀರು ಹಾಕುತ್ತಲೇ ಇರಬೇಕು.

ಚರಂಡಿಗೆ ಇಳಿಯುವ ಬಾಯಿಗೆ ಮರಳಿನ ಮೂಟೆ ಇಟ್ಟರೆ ಆಟ ಅಲ್ಲಿಗೇ ನಿಲ್ಲುತ್ತದೆ. ನಾನು ಆವತ್ತು ಆರು ಫೋನಿನ ಬದಲು ಪಾಲಿಕೆಯ ಎಂಜಿನಿಯರಿಗೆ ಒಂದೇ ಫೋನ್ ಮಾಡಿ, ಪಕ್ಕದಲ್ಲೇ ಮನೆ ಕಟ್ಟುತ್ತಿದ್ದವರ ಹತ್ತಿರ ಹತ್ತು ಮೂಟೆ ಮರಳು ಕೇಳಿದ್ದರೆ ಕೆರೆ ಉಳಿಯುತ್ತಿತ್ತೋ ಏನೋ. ರಸ್ತೆ ಚರಂಡಿ, ರಾಜಕಾಲುವೆ ಎರಡೂ ಪಾಲಿಕೆ ಕಡೆಯವು. 2025ರ ಸೆಪ್ಟೆಂಬರಿನಿಂದ ಒಂದು ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿವೆ, ನಿಮ್ಮದು ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಸಹಾಯವಾಣಿ 1533. ಹೆದ್ದಾರಿ ಆದರೆ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು.

ಮ್ಯಾನ್‌ಹೋಲಿಗೆ ಇಳಿದರೆ ಅದು ಜಲಮಂಡಳಿ, 1916. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಕ್ಸಿಕೋದ ಗ್ವಾದಲಹಾರ ಅನ್ನುವ ಊರಿನಲ್ಲಿ 1992ರ ಏಪ್ರಿಲಿನಲ್ಲಿ ಪೈಪ್‌ಲೈನಿನಿಂದ ಪೆಟ್ರೋಲ್ ಒಳಚರಂಡಿಗೆ ಸೇರಿತ್ತು. ಜನ ಕೆಲವು ದಿನದಿಂದ ವಾಸನೆ ಬರುತ್ತಿದೆ ಅಂತ ದೂರು ಕೊಡುತ್ತಲೇ ಇದ್ದರು. ಬಂದರು, ನೋಡಿದರು, ಜನರನ್ನು ಮಾತ್ರ ಖಾಲಿ ಮಾಡಿಸಲಿಲ್ಲ. ಏಪ್ರಿಲ್ 22ರ ಬೆಳಿಗ್ಗೆ ಬೀದಿಗೆ ಬೀದಿಯೇ ಸ್ಫೋಟಗೊಂಡು 200ಕ್ಕೂ ಹೆಚ್ಚು ಜನ ಹೋದರು. ನಿಮ್ಮ ಬಾತ್‌ರೂಮಿನ ಜಾಲರಿಯಿಂದ ಪೆಟ್ರೋಲ್ ವಾಸನೆ ಬಂದರೆ, ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬಂದು ಮೊದಲು 112, ಆಮೇಲೆ 1916. ಎರಡೂ ಕಡೆ ಇನ್ನೊಬ್ಬರಿಗೂ ಹೇಳಿದ್ದೇನೆ ಅಂತ ಹೇಳಿ. ಈ ಮಾತಿಗೆ ಒಂಥರಾ ಶಕ್ತಿ ಇದೆ, ಆಮೇಲೆ ಯಾರೂ ನಮಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗಿಲ್ಲ.

ರಾಜಕಾಲುವೆಗೆ ಸೇರಿದ ಮೇಲೆ ನಕ್ಷೆ ಬೇಕು. ಬೆಂಗಳೂರು ದಿಣ್ಣೆ ಮೇಲಿನ ಊರು, ನೀರು ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ಹೆಬ್ಬಾಳ ಕಣಿವೆಯದೂ ಕೊನೆಗೆ ಅದೇ ನದಿಗೆ, ಅಲ್ಲಿಂದ ತಮಿಳುನಾಡಿಗೆ. ವೃಷಭಾವತಿ ಕಣಿವೆಯದು ಬೈರಮಂಗಲ ಕೆರೆ, ಅರ್ಕಾವತಿ, ಆಮೇಲೆ ಕಾವೇರಿ. ಅಂದರೆ ಇಲ್ಲಿ ಒಂದು ಗ್ಯಾರೇಜಿನವನು ರಾತ್ರಿ ಸುಮ್ನೆ ಮೋರಿಗೆ ಸುರಿದ ಹಳೇ ಎಂಜಿನ್ ಆಯಿಲ್ ಬೈರಮಂಗಲದ ರೈತನ ಗದ್ದೆಗೆ ಹೋಗುತ್ತದೆ. ನಾವು ಇಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತೇವೆ, ಅವರು ಅದರಲ್ಲೇ ಕಾಲಿಡುತ್ತಾರೆ.

ಕೆರೆಗಳ ಕಥೆಯೇ ಬೇರೆ. ಕೆಲವು ಪಾಲಿಕೆಯದು, ಕೆಲವು ಅರಣ್ಯ ಇಲಾಖೆಯದು, ಬೆಳ್ಳಂದೂರು ಮತ್ತು ವರ್ತೂರು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ. ಬೆಳ್ಳಂದೂರು ಕೆರೆಯೊಳಗಿನ ಬೆಂಕಿ 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಇಡೀ ದೇಶಕ್ಕೆ ಸುದ್ದಿಯಾಯಿತು. 2018ರಲ್ಲಿ ಅಗ್ನಿಶಾಮಕದ ಗಾಡಿಗಳ ಜೊತೆ ಸೇನೆಯ ಸಾವಿರಾರು ಯೋಧರು ಬಂದು ಬಕೆಟ್ ಹಿಡಿಯಬೇಕಾಯಿತು. ಕೆರೆ ಒಬ್ಬರದು, ಅದಕ್ಕೆ ಬರುವ ಕೊಳಚೆ ಇನ್ನೊಬ್ಬರದು, ಕಸ ಮತ್ತೊಬ್ಬರದು, ಹಸಿರು ನ್ಯಾಯಮಂಡಳಿ ಕೇಳುವಾಗ ಎಲ್ಲರೂ ಒಟ್ಟಿಗೆ ನಿಲ್ಲಬೇಕಾಯಿತು. ನಿಮ್ಮ ಕೆರೆಯ ಗೇಟಿನ ಬೋರ್ಡಿನಲ್ಲಿ ಯಾರ ಹೆಸರಿದೆ ಅಂತ ವಾಕಿಂಗ್ ಹೋದಾಗ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟು ತುಂಡುಗಳ ಮೇಲೆ ಹಾದು ಹೋಗುವ ಒಂದೇ ಸಂಸ್ಥೆ ಅಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅವರಿಗೆ ಮೋರಿಯೂ ಒಂದೇ, ಕೆರೆಯೂ ಒಂದೇ. 1974ರ ಜಲ ಕಾಯ್ದೆಯ ಪ್ರಕಾರ ಅಕಸ್ಮಾತ್ತಾಗಿ ವಿಷದ ವಸ್ತು ನೀರಿಗೆ ಸೇರಿದರೆ ಆ ಜಾಗದ ಹೊಣೆ ಹೊತ್ತವರು ಮಂಡಳಿಗೆ ತಿಳಿಸಬೇಕು, ಮಂಡಳಿ ತುರ್ತಾಗಿ ಕ್ರಮ ತೆಗೆದುಕೊಳ್ಳಬಹುದು. ಅವರಿಗೆ ವಲಯ ಕಚೇರಿಗಳಿವೆ, ನಿಮ್ಮ ವಲಯದ ಪರಿಸರ ಅಧಿಕಾರಿಗೇ ನೇರ ಹೇಳಿ. ಆದಷ್ಟು ಬೇಗ ಹೇಳಿ, ಯಾಕೆಂದರೆ ಮಾದರಿ ತೆಗೆಯುವ ಹೊತ್ತಿಗೆ ಒಂದು ಮಳೆ ಬಂದರೆ ಸಾಕ್ಷಿಯೇ ತೊಳೆದುಹೋಗುತ್ತದೆ. ನೀವು ಬಿಸ್ಲೇರಿ ಬಾಟಲಿಯಲ್ಲಿ ಹಿಡಿದಿಟ್ಟ ನೀರು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಕಾನೂನಿನಲ್ಲಿ ಮಾದರಿ ತೆಗೆಯಲು ಅದರದೇ ಕ್ರಮ ಇದೆ. ಆದರೆ ಸಮಯ, ಜಾಗ ಗೊತ್ತಾಗುವ ಫೋಟೊ, ವಿಡಿಯೊ ಅವರನ್ನು ಸರಿಯಾದ ಪೈಪಿನ ಬಾಯಿಗೆ ಕರೆದುಕೊಂಡು ಹೋಗುತ್ತದೆ.

ಕಡಲಲ್ಲಿ ಹೇಗೆ ಮಾಡುತ್ತಾರೆ ಅಂದರೆ

ಬೆಂಗಳೂರಿಗೆ ಕಡಲಿಲ್ಲ, ಆದರೂ ಒಂದು ಹೋಲಿಕೆಗೆ ಹೇಳುತ್ತೇನೆ. ಸಮುದ್ರದಲ್ಲಿ ಎಣ್ಣೆ ಚೆಲ್ಲಿದರೆ ಯಜಮಾನ ಯಾರು ಅನ್ನುವ ಗೊಂದಲ ಕಡಿಮೆ. 1996ರಿಂದ ರಾಷ್ಟ್ರೀಯ ತೈಲ ಸೋರಿಕೆ ಯೋಜನೆ ಇದೆ, ಅದರ ಕೇಂದ್ರ ಸಮನ್ವಯ ಕರಾವಳಿ ಕಾವಲು ಪಡೆಯದು. 700 ಟನ್ನಿನವರೆಗೆ ಒಂದು ಹಂತ, 10,000 ಟನ್ನಿನವರೆಗೆ ಎರಡನೆಯದು, ಅದರ ಮೇಲೆ ಮೂರನೆಯದು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಬಂದರಿನ ಒಳಗೆ ಬಂದರಿನವರು, ದಡಕ್ಕೆ ಬಂದದ್ದನ್ನು ಬಳಿಯುವುದು ರಾಜ್ಯ ಸರ್ಕಾರ. 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿತು. ಎರಡೇ ವಾರಕ್ಕೆ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದು ಬದುಕಿದವರನ್ನು ಮಂಗಳೂರಿಗೆ ತಂದರು. ಎರಡೂ ಸಲ ಕಾವಲು ಪಡೆಯೇ ಮುಂದೆ ನಿಂತಿತ್ತು.

ಯೋಜನೆ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತೇನಲ್ಲ. 2017ರ ಜನವರಿ 28ರಂದು ಚೆನ್ನೈ ಹತ್ತಿರ ಎಣ್ಣೂರಿನಲ್ಲಿ ಎರಡು ಹಡಗು ಗುದ್ದಿದಾಗ ಮೊದಲ ಹೇಳಿಕೆಯಲ್ಲಿ ಸೋರಿಕೆ ಇಲ್ಲ ಅಂತಲೇ ಇತ್ತು. ಆಮೇಲೆ ವಿದ್ಯಾರ್ಥಿಗಳು, ಮೀನುಗಾರರು ಬಕೆಟ್ಟಿನಲ್ಲಿ ಕಪ್ಪು ರಾಡಿ ಎತ್ತುತ್ತಿದ್ದ ಫೋಟೊ ಎಲ್ಲ ಕಡೆ ಬಂತು. ಅಮೆರಿಕದಲ್ಲಿ 1968ರಿಂದಲೇ ಇಂಥ ರಾಷ್ಟ್ರೀಯ ಯೋಜನೆ ಇದೆ, ಅದರ ಹಿಂದಿನ ವರ್ಷ ಇಂಗ್ಲೆಂಡಿನ ಹತ್ತಿರ ಟೋರಿ ಕ್ಯಾನ್ಯನ್ ಹಡಗು ಒಡೆದದ್ದು ನೋಡಿ ಮಾಡಿದ್ದು. ಅಲ್ಲಿ ವರದಿ ಮಾಡಲು ಒಂದೇ ನಂಬರು. ಒಳನಾಡಾದರೆ ಪರಿಸರ ಸಂಸ್ಥೆಯಿಂದ, ಕರಾವಳಿಯಾದರೆ ಕೋಸ್ಟ್ ಗಾರ್ಡಿನಿಂದ ಒಬ್ಬ ಅಧಿಕಾರಿ ಸ್ಥಳದಲ್ಲಿ ನಿಂತು ಎಲ್ಲರನ್ನೂ ನಡೆಸುತ್ತಾನೆ. ಅದೇ ಸಮುದ್ರಕ್ಕೆ ಇರುವ ಏರ್ಪಾಡು ನಮ್ಮ ರಾಜಕಾಲುವೆಗೂ ಇದ್ದಿದ್ದರೆ ಅಂತ ನನಗೆ ಆಗಾಗ ಅನಿಸುತ್ತದೆ.

ಫೈರ್ ಇಂಜಿನ್ ಹೋದ ಮೇಲೆ

ನಿಜವಾದ ತಲೆನೋವು ಇಲ್ಲಿಂದ. ಬೆಂಕಿ ಆರಿತು, ರಸ್ತೆ ತೆರೆಯಿತು, ಟಿವಿಯವರು ಹೋದರು. ಎಣ್ಣೆ ಕುಡಿದ ಮಣ್ಣಿನ ಗುಡ್ಡೆ ಮಾತ್ರ ರಸ್ತೆ ಪಕ್ಕದಲ್ಲಿ ಉಳಿಯುತ್ತದೆ. ಅದನ್ನು ಕಸದ ಲಾರಿಗೆ ತುಂಬಿ ಕಳಿಸುವ ಹಾಗಿಲ್ಲ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಅನುಮತಿ ಇರುವ ಘಟಕಕ್ಕೇ ಹೋಗಬೇಕು. ಖರ್ಚು ಚೆಲ್ಲಿದವರದು, ಪಾಲಿಕೆಯದಲ್ಲ. ಮಾಲಿನ್ಯ ಮಂಡಳಿ ಹೇಳಿ ಮಾಡಿಸಬೇಕು, ನಾವು ಕೇಳುತ್ತಿರಬೇಕು. ಸುತ್ತಮುತ್ತ ಬೋರ್‌ವೆಲ್ ಇದ್ದರೆ ಅದರ ನೀರಿನ ಪರೀಕ್ಷೆಯನ್ನೂ ಅರ್ಜಿಯಲ್ಲೇ ಸೇರಿಸಿ. ಡೀಸೆಲ್ ನಿಧಾನವಾಗಿ ಇಳಿಯುತ್ತದೆ, ಮೂರು ತಿಂಗಳ ನಂತರ ಮತ್ತೊಂದು ಸಲ ಪರೀಕ್ಷೆ ಬೇಕು ಅಂತ ಈಗಲೇ ಬರೆಯಿರಿ.

ಅರ್ಜಿ ಬರೆಯುವುದರಲ್ಲಿ ಒಂದು ಉಪಾಯ ಇದೆ, ಆ ರಿಟೈರ್ಡ್ ನೆರೆಯವರು ಹೇಳಿಕೊಟ್ಟದ್ದು. ಆರು ಕಚೇರಿಗೆ ಆರು ಅರ್ಜಿ ಬರೆಯಬೇಡಿ. ಒಂದೇ ಅರ್ಜಿ ಬರೆಯಿರಿ, ಜಿಲ್ಲಾಧಿಕಾರಿಗಳ ಹೆಸರಿಗೆ. ಕೆಳಗೆ ಪ್ರತಿಗಳು ಅಂತ ಹಾಕಿ ಮಾಲಿನ್ಯ ಮಂಡಳಿ, ಪಾಲಿಕೆ ಆಯುಕ್ತರು, ಜಲಮಂಡಳಿ, ಕಾರ್ಖಾನೆಗಳ ಇಲಾಖೆ, ಪೊಲೀಸ್ ಠಾಣೆ, ಎಲ್ಲರನ್ನೂ ಸಾಲಾಗಿ ಬರೆಯಿರಿ. ಎಲ್ಲ ಕಡೆ ಕೊಟ್ಟು ಸೀಲು ಹಾಕಿಸಿಕೊಂಡು ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬರ ಕೈಗೆ ಬಂದ ಹಾಳೆಯಲ್ಲಿ ಉಳಿದ ಐವರ ಹೆಸರು ಕಂಡರೆ ಕಡತ ತಾನಾಗಿಯೇ ನಡೆಯಲು ಶುರು ಮಾಡುತ್ತದೆ. ಸಾಗಹಾಕುವ ಜಾಗ ಉಳಿದಿರುವುದಿಲ್ಲ, ನೋಡಿ. ನಮ್ಮ ಮೋರಿಯ ವಿಷಯದಲ್ಲಿ ಫೋನಿಗೆ ಆಗದ ಕೆಲಸ ಈ ಒಂದು ಹಾಳೆಗೆ ಆಯಿತು, ಮೂರು ಕಚೇರಿಯವರು ಒಂದೇ ದಿನ ಒಟ್ಟಿಗೆ ಬಂದು ಮೋರಿ ಉದ್ದಕ್ಕೂ ನಡೆದರು.

ಯಾರಿಗಾದರೂ ಪೆಟ್ಟಾಗಿದ್ದರೆ, ಆಸ್ತಿ ಹಾಳಾಗಿದ್ದರೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆ ನೆನಪಿಡಿ. ಅದರಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡುವ ಹೊರೆ ನಿಮ್ಮ ಮೇಲಿಲ್ಲ. ಅರ್ಜಿ ಜಿಲ್ಲಾಧಿಕಾರಿಗೆ, ಐದು ವರ್ಷದೊಳಗೆ. ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ದಕ್ಷಿಣದ ಪೀಠ ಚೆನ್ನೈಯಲ್ಲಿದೆ. ಪರಿಸರದ ತಕರಾರಿಗೆ ಆರು ತಿಂಗಳು, ಪರಿಹಾರಕ್ಕೆ ಐದು ವರ್ಷ ಗಡುವು.

ಏನೂ ಆಗದ ದಿನ ಮಾಡಬೇಕಾದ ಕೆಲಸ

ಫ್ಯಾಕ್ಟರಿ ಪಕ್ಕ ಇರುವವರು ಇದನ್ನು ಓದಿ. ದೊಡ್ಡ ಅಪಘಾತ ಆಗಬಹುದಾದ ಕಾರ್ಖಾನೆಯವರು ಸುತ್ತಲಿನ ಜನಕ್ಕೆ ಅಪಾಯ ಏನು, ಆದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲೇ ತಿಳಿಸಬೇಕು. ಇದು 1989ರ ರಾಸಾಯನಿಕಗಳ ನಿಯಮದಲ್ಲೇ ಇದೆ, ಅವರ ದೊಡ್ಡ ಮನಸ್ಸಿನ ಪ್ರಶ್ನೆ ಅಲ್ಲ. 1996ರ ನಿಯಮದಲ್ಲಿ ಕೈಗಾರಿಕಾ ಪ್ರದೇಶಕ್ಕೊಂದು ಸ್ಥಳೀಯ ಬಿಕ್ಕಟ್ಟು ಗುಂಪು ಇರಬೇಕು ಅಂತ ಇದೆ. ಕಾರ್ಖಾನೆ ಇನ್‌ಸ್ಪೆಕ್ಟರ್ ಅದರ ಸದಸ್ಯ ಕಾರ್ಯದರ್ಶಿ. ಅಗ್ನಿಶಾಮಕ ಅಧಿಕಾರಿ, ಪೊಲೀಸ್, ರಾಸಾಯನಿಕ ಸಾಗಿಸುವವರು, ಇಬ್ಬರು ಡಾಕ್ಟರು, ಇಬ್ಬರು ಸಮಾಜಸೇವಕರು, ಸ್ಥಳೀಯ ಪತ್ರಿಕೆಯ ಸಂಪಾದಕರು ಸದಸ್ಯರು. ತಿಂಗಳಿಗೊಮ್ಮೆ ಸೇರಬೇಕು. ಕೇಳಿದವರಿಗೆ ಮಾಹಿತಿಯನ್ನೂ ಕೊಡಬೇಕು. ನಮ್ಮ ಬಡಾವಣೆ ಸಂಘದಲ್ಲಿ ಇದನ್ನು ಹೇಳಿದಾಗ ಗಣೇಶ ಹಬ್ಬದ ಲೆಕ್ಕ ಮೊದಲು ಮುಗಿಸೋಣ ಅಂದರು, ಅದು ಬೇರೆ ಮಾತು.

ಮಾಹಿತಿ ಹಕ್ಕಿನಲ್ಲಿ ಎರಡು ಪ್ರಶ್ನೆ ಹಾಕಿ: ನಮ್ಮ ಪ್ರದೇಶಕ್ಕೆ ಸಂಬಂಧಿಸಿದ ಹೊರಗಿನ ತುರ್ತು ಯೋಜನೆಯ ಪ್ರತಿ ಕೊಡಿ, ಕೊನೆಯ ಅಣಕು ಕಾರ್ಯಾಚರಣೆ ಯಾವ ದಿನ ಆಯಿತು ಹೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು.

ಅರ್ಜಿ ಹಾಕಿ ಕಾಯುವ ಹೊತ್ತಿನಲ್ಲಿ ಒಂದು ಭಾನುವಾರ ನಿಮ್ಮ ಬೀದಿಯ ಚರಂಡಿ ಹಿಡಿದು ನೀರು ಹರಿಯುವ ಕಡೆಗೆ ನಡೆದುಕೊಂಡು ಹೋಗಿ. ಎಲ್ಲಿ ರಾಜಕಾಲುವೆ ಸೇರುತ್ತದೆ, ಎಲ್ಲಿ ಕಿರಿದಾಗುತ್ತದೆ, ಮರಳಿನ ಮೂಟೆ ಇಡಲು ಜಾಗ ಎಲ್ಲಿದೆ, ಯಾವ ಪೈಪು ಯಾವ ಗೋಡೆಯಿಂದ ಹೊರಗೆ ಬಂದಿದೆ ನೋಡಿ. ನಾನು ನಡೆದಾಗ ಎರಡೂಕಾಲು ಕಿಲೋಮೀಟರಿಗೆ ಕೆರೆ ಸಿಕ್ಕಿತು. ದಾರಿಯಲ್ಲಿ ಹದಿನಾಲ್ಕು ಪೈಪಿನ ಬಾಯಿ ಎಣಿಸಿದೆ. ಅದರಲ್ಲಿ ಮೂರಕ್ಕೆ ಯಜಮಾನರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ, ಫೋಟೊ ಮಾತ್ರ ಅರ್ಜಿಯ ಜೊತೆ ಲಗತ್ತಿಸಿದ್ದೇನೆ.